ಕೂಸಿನ ಕಾಲುಚೀಲಕ್ಕ ಯಾವ ಕಡ್ಡಿ ತಗೋಬೇಕು?

ಪ್ರಶ್ನೆ: ನಮಸ್ಕಾರ ರೀ ಅಕ್ಕೋರೆ, ನಾ ಬೀದರದಾಕಿ. ಮಗಳಿಗೀಗ ಏಳನೇ ತಿಂಗಳು, ಸಂಕ್ರಾಂತಿ ಹಿಂದ-ಮುಂದ ಹೆರಿಗಿ ಅಂದಾರ. ಎರಡು ಸಲಾಯಿ ಮ್ಯಾಲ ಸ್ವೆಟರ್ ಹಾಕೋದು ಮೂವತ್ತು ವರ್ಷದಿಂದ ರೂಢಿ ಅದ, ಆದ್ರ ಕೂಸಿಗೆ ಕಾಲುಚೀಲ, ಕುಲಾಯಿ ಹೊಲಿಗಿ ಇಲ್ದಂಗ ಗುಂಡಗ ಹಾಕಬೇಕಂತ ಆಸೆ. ಅಂಗಡ್ಯಾಗ ಕೇಳಿದ್ರ ನಡುವ ವೈರ್ ಇರೋ 60 ಸೆಂಟಿಮೀಟರಿನ 10 ನಂಬರ್ ಸಲಾಯಿ ಕೊಟ್ರು. 32 ಕುಣಿಕಿ ಹಾಕಿ ನೋಡಿದೆ, ಈ ತುದಿ ಆ ತುದಿಗೆ ಮುಟ್ಟವಲ್ದು, ಜಗ್ಗಿ ಜಗ್ಗಿ ಉಲನ್ ಹರೀಲತ್ತದ. ನಮ್ಮ ನೆಗೆಣಿ ಸಣ್ಣ ಸಣ್ಣ ಕಡ್ಡಿ ಸೆಟ್ ತಗೋ ಅಂತಾಳ, ಮಗಳು ಮೊಬೈಲ್‌ದಾಗ ನೋಡಿ ಉದ್ದನ ವೈರಿಂದು ಒಂದೇ ಸಾಕವ್ವ ಅಂತಾಳ. ಯಾವದು ತಗೋಲಿ, ಯಾವ ನಂಬರ್, ಸ್ಟೀಲೋ ಬಿದಿರೋ ಹೇಳ್ರಿ.

ಉತ್ತರ: ಅಕ್ಕಾರೆ, ನಿಮ್ಮ ಕೈಯಾಗ ಏನೂ ತಪ್ಪಿಲ್ರಿ. 60 ಸೆಂಟಿಮೀಟರ್ ಕಡ್ಡಿ ಮ್ಯಾಲ 32 ಕುಣಿಕಿ ಯಾರ ಹಾಕಿದ್ರೂ ಮುಟ್ಟಂಗಿಲ್ಲ, ನಾ ಹಾಕಿದ್ರೂ ಮುಟ್ಟಂಗಿಲ್ಲ. ವೈರಿನ ಕಡ್ಡಿ ಉದ್ದ ಅಂದ್ರ ಈ ಮೊನಿಯಿಂದ ಆ ಮೊನಿ ತನಕ, ನಡುವಿನ ವೈರೂ ಸೇರಿ. ಹೆಣದಿದ್ದು ಅಷ್ಟೂ ಉದ್ದ ತುಂಬಿ ಸುತ್ತಿ ಬಂದು ಎರಡೂ ಮೊನಿ ಎದುರಾಬದುರಾ ಆಗಬೇಕು, ಹಂಗಂದ್ರ ಅಂಥಾ ಕಡ್ಡಿಗೆ ಕಮ್ಮಿ ಅಂದ್ರೂ 55-60 ಸೆಂಟಿಮೀಟರ್ ಸುತ್ತಳತಿ ಇರೋ ಕೆಲಸ ಬೇಕು, ಹುಡುಗರ ಸ್ವೆಟರಿನ ಮೈಯೋ ಹುಡುಗ್ಯಾರ ಫ್ರಾಕೋ. ಈಗಷ್ಟೇ ಹುಟ್ಟಿದ ಕೂಸಿನ ಪಾದ ಸುತ್ತಿ ಅಳದ್ರ ಸುಮಾರು 10-11 ಸೆಂಟಿಮೀಟರ್. ಹೊಲದ ಬೇಲಿ ತಂದು ತುಳಸಿ ಕಟ್ಟಿಗಿ ಸುತ್ತಿದಂಗ ಆತಲ್ರಿ ಇದು.

ಇದೊಂದು ಲೆಕ್ಕ ತಲ್ಯಾಗ ಕುಂತ್ರ ಉಳಿದದ್ದು ಹಗುರ. ದೊಡ್ಡ ಕೊಳವಿ ಸಣ್ಣ ಕಡ್ಡಿ ಮ್ಯಾಲ ಮುದುಡಿ ಕೂಡ್ತದ, ಆದ್ರ ಸಣ್ಣ ಕೊಳವಿ ದೊಡ್ಡ ಕಡ್ಡಿ ಮ್ಯಾಲ ಹಿಗ್ಗಂಗಿಲ್ಲ. ಅದಕ್ಕ ಸ್ಟೀಲೋ ಬಿದಿರೋ ಅಂತ ಕೇಳೋಕಿಂತ ಮೊದ್ಲು ಟೇಪ್ ತಗೋಬೇಕು, ನಾ ಹೆಣಿಯೋ ಕೊಳವಿ ಎಷ್ಟು ಸುತ್ತದ ಅಂತ ಅಳೀಬೇಕು, ಆಮ್ಯಾಲ ಅಂಗಡಿಗೆ ಹೋಗಬೇಕು. ನಮ್ಮೋರು ಉಲ್ಟಾ ಮಾಡ್ತಾರ, ಮೊದ್ಲು ಕಡ್ಡಿ ತರ್ತಾರ ಆಮ್ಯಾಲ ಅದಕ್ಕ ತಕ್ಕ ಕೂಸು ಹುಡುಕ್ತಾರ!

ಈಗ ನೀವು ಅದೇ ಅಂಗಡಿಗೆ ಹೋಗಿ ಇದು ದೊಡ್ಡದಾತು ಅಂದ್ರಿ ಅಂತಿಟ್ಕೋರಿ, 40 ಸೆಂಟಿಮೀಟರಿಂದು ಕೊಡ್ತಾರ, ಟೊಪ್ಪಿಗಿ ಕಡ್ಡಿ ಇದೇ ಅಂತ. ದೊಡ್ಡವರ ಟೊಪ್ಪಿಗಿಗೆ ಅದು ಖರೇನ, ಭಾಳ ಚಲೋ. ಆದ್ರ ಹುಟ್ಟಿದ ಕೂಸಿನ ತಲಿ ಸುತ್ತಳತಿ ಇರೋದು 35 ಸೆಂಟಿಮೀಟರ್ ಆಸುಪಾಸು, ಟೊಪ್ಪಿಗಿ ಬಿಗಿ ಕೂಡಬೇಕಂದ್ರ 32 ಹಾಕ್ತೀವಿ, ಅದು 40ಕ್ಕ ಮುಟ್ಟೋದಿಲ್ಲ. ಇನ್ನ 23 ಸೆಂಟಿಮೀಟರಿನ ಪುಟ್ಟ ಗುಂಡನ ಕಡ್ಡಿ ಸುದ್ದಾ ಆನ್‌ಲೈನ್‌ದಾಗ ಸಿಗ್ತದ, ಕಾಲುಚೀಲದ ಕಡ್ಡಿ ಅಂತ ಬರ್ದಿರ್ತದ, ನೋಡಾಕ ಕೂಸಿನ ಬಳಿ ಇದ್ದಂಗ ಮುದ್ದಾಗಿರ್ತದ. ಮೋಸ ಹೋಗಬ್ಯಾಡ್ರಿ, ಅದು ದೊಡ್ಡವರ ಕಾಲುಚೀಲಕ್ಕ. ದೊಡ್ಡವರ ಪಾದ 20-22 ಇರ್ತದ, ಸ್ವಲ್ಪ ಜಗ್ಗಿದ್ರ 23 ಆಗ್ತದ. ಕೂಸಿಂದು ಅದರ ಅರ್ಧಾ ಇಲ್ಲ. ಮ್ಯಾಲ ಅದರ ಮೊನಿ ಭಾಳ ಗಿಡ್ಡ, ಎರಡು ಬೆರಳಾಗ ಹಿಡಕೊಂಡು ಹೆಣಿಬೇಕು, ನಮ್ಮಂಥ ವಯಸ್ಸಾದವರಿಗೆ ಅರ್ಧಾ ತಾಸಿಗೇ ಹೆಬ್ಬೆರಳಿನ ಬುಡ ನೋಯ್ತದ. ನನ್ನ ಡಬ್ಬ್ಯಾಗ ಒಂದು ಬಿದ್ದದ, ಮೂರು ವರ್ಷ ಆತು ಮುಟ್ಟಿಲ್ಲ.

ಹಂಗಾದ್ರ ಕೂಸಿನ ಪಾದದಂಥಾ ಸಣ್ಣ ಕೊಳವಿಗೆ ಉಳಿಯೋ ದಾರಿ ಮೂರು. ಎರಡೂ ಕಡಿ ಮೊನಿ ಇರೋ ಸಣ್ಣ ಕಡ್ಡಿ ಸೆಟ್ಟು, ಇಲ್ಲಾ ಉದ್ದನ ಮೆತ್ತನ ವೈರಿಂದು ಒಂದೇ ಕಡ್ಡಿ, ಇಲ್ಲಾ ವೈರಿಂದು ಎರಡು ಕಡ್ಡಿ ಜೋಡಿ. ನಿಮ್ಮ ನೆಗೆಣಿ ಹೇಳಿದ್ದೂ ಖರೇ, ಮಗಳು ಹೇಳಿದ್ದೂ ಖರೇ. ಯಾವದು ನಿಮ್ಮ ಕೈಗೆ ಕೂಡ್ತದ ಅನ್ನೋದೇ ಈಗಿನ ಮಾತು.

ಮೊದ್ಲು ನೆಗೆಣಿಯವರ ಸೆಟ್ಟು. ನಾಕರ ಸೆಟ್ ಬರ್ತದ, ಐದರ ಸೆಟ್ ಬರ್ತದ, ಐದರದ್ದೇ ತಗೋರಿ. ನಾಕರದ್ರಾಗ ಮೂರು ಕಡ್ಡಿ ಮ್ಯಾಲ ಕುಣಿಕಿ ಇರ್ತಾವ, ನಾಕನೇದ್ರಿಂದ ಹೆಣಿಬೇಕು, ಆವಾಗ ಅದು ಮೂರು ಮೂಲಿ ಆಗ್ತದ, ಮೂಲಿ ಅಂದ್ರ ಚೂಪು, ಅಲ್ಲಿ ದಾರ ಜಗ್ಗಾಡ್ತದ. ಐದರದ್ರಾಗ ನಾಕು ಕಡ್ಡಿ ಚೌಕ ಆಗ್ತಾವ, ಮೂಲಿ ಸಡ್ಲ. ಕೂಸಿನ ಪಾದಕ್ಕ 32 ಕುಣಿಕಿ ಅಂದ್ರ ಒಂದೊಂದು ಕಡ್ಡಿ ಮ್ಯಾಲ ಎಂಟೆಂಟು, ಲೆಕ್ಕಕ್ಕೂ ಹಗುರ. ಎರಡು ಸೀದಾ ಎರಡು ಉಲ್ಟಾ ಅಂಚು ಹಾಕೋದಾದ್ರ ನಾಕರ ಮಡಿ ಬೇಕು, ಅದೂ ಆತು. ಹಿಮ್ಮಡಿ ತಿರುಗಿಸೋವಾಗ ಎರಡು ಕಡ್ಡಿದು ಹಿಮ್ಮಡಿಗೆ, ಎರಡು ಕಡ್ಡಿದು ಪಾದದ ಮ್ಯಾಲಿಗೆ, ಎಣಿಸೋದೇ ಬ್ಯಾಡ, ಕಡ್ಡಿನೇ ಲೆಕ್ಕ ಹೇಳ್ತದ. ಇದಕ್ಕಾಗೇ ನಾ ಇವತ್ತಿಗೂ ಕಾಲುಚೀಲ ಅಂದ್ರ ಐದು ಕಡ್ಡಿನೇ ಹಿಡಿಯೋದು.

ಇದು ಭಾಳ ಹಳೀ ಪದ್ಧತಿ ರೀ. ಜರ್ಮನಿಯ ಹ್ಯಾಂಬರ್ಗಿನ ಮ್ಯೂಸಿಯಂದಾಗ 1400ರ ಸುಮಾರಿನ ಒಂದು ಚಿತ್ರ ಅದ, ಮಾಸ್ಟರ್ ಬರ್ಟ್ರಾಮ್ ಅನ್ನಾವನ ಹೆಸರಿಗಿರೋದು, ಅದ್ರಾಗ ಮೇರಿ ತಾಯಿ ಕುಂತು ಮಗನಿಗೆ ಅಂಗಿ ಹೆಣಿಲತ್ತಾಳ, ಕುತ್ತಿಗಿ ಸುತ್ತ ಗುಂಡಗ, ಇವೇ ಎರಡು ಮೊನಿ ಕಡ್ಡಿ ಮ್ಯಾಲ. ಆರುನೂರು ವರ್ಷದ ಹಿಂದಿನ ತಾಯಿ ಕೈಯಾಗೂ ಇದೇ ಕಡ್ಡಿ ಅಂದ್ಮ್ಯಾಲ ನಮಗ ಬರಂಗಿಲ್ಲ ಅಂತ ಅಂಜೋದು ಯಾಕ್ರಿ.

ನಾ ಕಲ್ತಿದ್ದು ಅಂಗಡಿ ಕಡ್ಡಿ ಮ್ಯಾಲ ಅಲ್ಲ. ನಮ್ಮ ಚಿಗವ್ವ ಯಾದಗಿರದಾಗ ಇದ್ದಳು, ಸೈಕಲ್ ಅಂಗಡ್ಯಾಗ ಮುರದ ಸ್ಪೋಕ್ ಬಿದ್ದಿರ್ತಿದ್ದು ನೋಡ್ರಿ, ಅವನ್ನ ಕೇಳಿ ತಂದು ಗೇಣುದ್ದ ಕಡಿಸಿ ಎರಡೂ ತುದಿ ಸಾಣಿಕಲ್ಲಿಗೆ ತಿಕ್ಕಿ ತಿಕ್ಕಿ ಮೊನಿ ಮಾಡ್ತಿದ್ದಳು, ಆಮ್ಯಾಲ ಹಳೀ ಧೋತರದ ಅರಿವ್ಯಾಗ ಕೊಬ್ಬರಿ ಎಣ್ಣಿ ಹಚ್ಚಿ ಒರಸಿ ನಮ್ಮ ಕೈಗೆ ಕೊಡೋಳು. ಸೈಕಲ್ ಸ್ಪೋಕ್ ಅಂದ್ರ ಸುಮಾರು 2 ಮಿಲಿಮೀಟರ್ ದಪ್ಪ, ಅಷ್ಟು ಸಣ್ಣ ಕಡ್ಡಿ ಮ್ಯಾಲ ದಪ್ಪ ಉಲನ್ ಹಾಕಿ ಬಿಗಿ ಹೆಣದ್ರ ಏನಾಗ್ತದ? ಆ ಕಾಲುಚೀಲ ಪರ್ಸಿ ಮ್ಯಾಲ ಇಟ್ರ ತಾವೇ ನೆಟ್ಟಗ ನಿಂದರ್ತಿದ್ದು. ಕಾಲಿಗೆ ಹಾಕ್ಕೊಂಡ್ರ ಬೂಟ್ ಹಾಕ್ಕೊಂಡಂಗ. ಹಂಗಾಗಿ ಸ್ಪೋಕ್ ಮಾಡ್ಕೋರಿ ಅಂತ ನಾ ಹೇಳಂಗಿಲ್ಲ.

ಐದು ಕಡ್ಡಿದು ತೊಂದ್ರಿನೂ ಹೇಳ್ಬೇಕು. ಮೊದಲಿನ ಮೂರು ನಾಕು ಸುತ್ತು ಜಾಲಿ ಕಂಟಿ ಕೈಯಾಗ ಹಿಡದಂಗ ಆಗ್ತದ, ಈ ಕಡಿ ಚುಚ್ತದ ಆ ಕಡಿ ಜಾರ್ತದ, ಎಲ್ಲಾ ಬಿಟ್ಟು ಒಗೀಬೇಕು ಅನಸ್ತದ. ಒಂದು ಇಂಚು ಆದ್ಮ್ಯಾಲ ಹೆಣದಿದ್ದರ ಭಾರಕ್ಕೇ ಕಡ್ಡಿ ತಮ್ಮ ಜಾಗಾದಾಗ ಕುಂದರ್ತಾವ. ಅಲ್ಲಿ ತನಕ ತಡ್ಕೋಬೇಕು ಅಷ್ಟೇ. ಒಂದು ಉಪಾಯ ಅದ, ನಿಮ್ಮಂಥ ಎರಡು ಕಡ್ಡಿ ರೂಢಿ ಇರೋರಿಗೆ ಇದು ಭಾಳ ಉಪಯೋಗ: 32 ಕುಣಿಕಿ ಎಲ್ಲಾ ಒಂದೇ ಕಡ್ಡಿ ಮ್ಯಾಲ ಹಾಕ್ರಿ, ಒಂದು ಸಾಲು ನಿಮ್ಮ ರೂಢಿಯಂಗ ಅಗಲಕ್ಕೇ ಹೆಣೀರಿ, ಆಮ್ಯಾಲ ಎಂಟೆಂಟು ಹಂಚಿ ಗುಂಡ ಮಾಡ್ರಿ. ಮೊದಲ ಸಾಲು ಹೆಣದದ್ದಕ್ಕ ಕುಣಿಕಿ ತಿರುಚಂಗಿಲ್ಲ, ತಿರುಚಿದ್ರ ಗೊತ್ತಲ್ಲ, ಪೂರಾ ಬಿಚ್ಚೋದೇ, ನಡುವ ಸರಿ ಮಾಡಾಕ ಬರಂಗಿಲ್ಲ. ತಳದಾಗ ಒಂದು ಸಾಲಿನಷ್ಟು ಸೀಳು ಉಳೀತದ, ಕಡೀಕ ಅದೇ ದಾರದ ಬಾಲದಿಂದ ಒಂದು ಹೊಲಿಗಿ ಹಾಕಿದ್ರ ಮುಗೀತು.

ಇನ್ನೊಂದು, ಎಲ್ಲಾರೂ ಬೈಯೋದು ಇದಕ್ಕೇ, ಕಡ್ಡಿ ಕಡ್ಡಿ ನಡುವ ನಿಚ್ಚಣಿಕಿ ಬೀಳ್ತದ. ಅಂದ್ರ ಒಂದು ಕಡ್ಡಿ ಮುಗಿದು ಇನ್ನೊಂದು ಶುರು ಆಗೋ ಜಾಗಾದಾಗ ದಾರ ಸಡ್ಲಾಗಿ ಮ್ಯಾಲಿಂದ ಕೆಳಗ ಏಣಿ ಮೆಟ್ಟಲಾ ಇದ್ದಂಗ ಸಾಲು ಕಾಣಸ್ತದ. ಅದು ಯಾಕಾಗ್ತದ ಅಂದ್ರ ಎರಡು ಕಡ್ಡಿ ಮೂಲ್ಯಾಗ ಕೂಡೋವಾಗ ನಡುವ ಜರಾ ದೂರ ಇರ್ತದ, ದಾರ ಆ ದೂರ ದಾಟಬೇಕಲ್ಲ, ಅಲ್ಲಿ ಒಂದೀಟು ಹೆಚ್ಚಿಗಿ ದಾರ ತಗೋತದ. ಹೊಸದಾಗಿ ಕಲ್ತವರು ಮೊದಲ್ನೇ ಕುಣಿಕಿ ಜೋರಾಗಿ ಜಗ್ತಾರ, ಜಗ್ಗಿದ್ದು ಕೈ ಬಿಟ್ಟ ಕೂಡ್ಲೇ ಮತ್ತ ಸಡ್ಲ. ಮೊದಲ್ನೇದು ಸುಮ್ನ ಹೆಣೀರಿ, ಎರಡ್ನೇ ಕುಣಿಕಿ ಹೆಣದ ಮ್ಯಾಲ ದಾರ ಜಗ್ರಿ, ಆವಾಗ ಮೊದಲ್ನೇದು ಕಟ್ಟು ಬೀಳ್ತದ, ಬಿಡಂಗಿಲ್ಲ. ಮತ್ತ ಖಾಲಿ ಕಡ್ಡಿ ಮೊನಿ ಹಿಂದಿನ ಕಡ್ಡಿಯ ಕೆಳಗ ಬರೋಹಂಗ ಇಟ್ಟು ಶುರು ಮಾಡ್ರಿ, ಎರಡೂ ಸನೇಕ ಆಗ್ತಾವ. ಇಷ್ಟಾದ್ರೂ ಸಾಲು ಬಿದ್ರ ತಲಿ ಕೆಡಿಸ್ಕೋಬ್ಯಾಡ್ರಿ, ಎರಡು ಸರ್ತಿ ತೊಳದ್ರ ಅರ್ಧಾ ಹೋಗ್ತದ. ಕೂಸು ಅಂತೂ ಕೇಳಂಗಿಲ್ಲ.

ಉದ್ದ ಎಷ್ಟು? ಎರಡು ಮೊನಿ ಕಡ್ಡಿ 15 ಸೆಂಟಿಮೀಟರಿಂದೂ ಬರ್ತದ, 20ದೂ ಬರ್ತದ. ನಮ್ಮ ಕಡಿ ಅಂಗಡ್ಯಾಗ ಹೆಚ್ಚಿಗಿ ಕಾಣೋದು 20ವೇ. ಎಂಟು ಕುಣಿಕಿ ಅಂದ್ರ ಎರಡೂವರಿ ಸೆಂಟಿಮೀಟರ್ ಜಾಗಾ ತಗೋತಾವ, ಅದಕ್ಕ 20 ಸೆಂಟಿಮೀಟರ್ ಕಡ್ಡಿ ಅಂದ್ರ ಎರಡೂ ಕಡಿ ಉದ್ದೂದ್ದ ಬಾಲ ಉಳದು ಒಂದಕ್ಕೊಂದು ಬಡಿದಾಡ್ತಾವ, ಸೀರಿ ಸೆರಗಿಗೂ ಸಿಗ್ತಾವ. ಕಾಲುಚೀಲಕ್ಕ 15ರದ್ದೇ ಚೊಲೋ. ಆದ್ರ ನಿಮಗ ಟೊಪ್ಪಿಗಿನೂ ಹಾಕೋದದ ಅಂದ್ರ 20ರದ್ದು ಸಿಕ್ರೂ ಬಿಡಬ್ಯಾಡ್ರಿ, ಯಾಕಂದ್ರ 100 ಕುಣಿಕಿ ಟೊಪ್ಪಿಗಿ ನಾಕು ಕಡ್ಡಿ ಮ್ಯಾಲ ಇಪ್ಪತ್ತೈದು ಇಪ್ಪತ್ತೈದು ಬರ್ತದ, ಅದು 20ರ ಕಡ್ಡಿ ಮ್ಯಾಲ ಆರಾಮಾಗಿ ಕೂಡ್ತದ, ಬೇರೆ ವೈರಿನ ಕಡ್ಡಿ ತರೋ ಗರಜೇ ಇಲ್ಲ, ಕೆಳಗಿನ ಅಂಚಿನಿಂದ ನೆತ್ತಿ ತನಕ ಅದೇ ಸೆಟ್ಟಿನ ಮ್ಯಾಲ ಮುಗೀತದ.

ಹಾಂ, ಕುಲಾಯಿ ಅಂದ್ರಲ್ಲ, ಗದ್ದದ ಕೆಳಗ ಕಟ್ಟೋ ಕುಲಾಯಿನೋ ಬರೇ ಟೊಪ್ಪಿಗಿನೋ? ಕಟ್ಟೋದಾದ್ರ ಅದು ಮುಖದ ಕಡಿ ತೆರದೇ ಇರ್ತದ, ಕೊಳವಿನೇ ಅಲ್ಲ, ಮುಕ್ಕಾಲು ಭಾಗ ಅಗಲಕ್ಕೇ ಹೆಣಿಬೇಕು, ಹಿಂದಿನ ಗುಂಡನ ಭಾಗಕ್ಕಷ್ಟೇ ಐದು ಕಡ್ಡಿ ಬೇಕು. ನಿಮ್ಮ ಹತ್ರ ಇರೋ 60 ಸೆಂಟಿಮೀಟರಿನ ಕಡ್ಡಿ ಅಲ್ಲಿ ಕೆಲಸಕ್ಕ ಬಂತು ನೋಡ್ರಿ, ವೈರಿನ ಕಡ್ಡಿ ಮ್ಯಾಲ ಹಿಂದ-ಮುಂದ ತಿರುಗಿಸಿ ಅಗಲಕ್ಕೂ ಹೆಣಿಬಹುದು, ಭಾರ ಎಲ್ಲಾ ತೊಡಿ ಮ್ಯಾಲ ಕೂಡ್ತದ, ಮುಂಗೈ ನೋಯಂಗಿಲ್ಲ. ವಾಪಸ್ ಕೊಡಾಕ ಹೋಗಿ ಜಗಳ ಮಾಡ್ಕೋಬ್ಯಾಡ್ರಿ.

ಇನ್ನ ಮಗಳು ಹೇಳಿದ್ದು. ಉದ್ದನ ವೈರಿಂದು, 80 ಸೆಂಟಿಮೀಟರ್ ಇಲ್ಲಾ 100. ಕುಣಿಕಿ ಹದಿನಾರು ಹದಿನಾರು ಎರಡು ಪಾಲು ಮಾಡಿ, ನಡುವಿಂದ ವೈರ್ ಹೊರಗ ಜಗ್ಗಿ ಒಂದು ಸುರುಳಿ ಬಿಡೋದು, ಮುಂದಿನ ಹದಿನಾರು ಮೊನಿ ಮ್ಯಾಲ, ಹಿಂದಿನ ಹದಿನಾರು ವೈರ್ ಮ್ಯಾಲ, ಮುಂದಿನವು ಹೆಣದು ತಿರುಗಿಸೋದು, ಮತ್ತ ವೈರ್ ಜಗ್ಗೋದು. ಇದಕ್ಕ ಮ್ಯಾಜಿಕ್ ಲೂಪ್ ಅಂತಾರ. ಅಮೆರಿಕಾದ ಸಾರಾ ಹೌಶ್ಕಾ ಅನ್ನೋ ಹೆಣ್ಮಗಳು ತೋರ್ಸಿಕೊಟ್ಟಿದ್ದು, 2002ರಿಂದ ಈಚಿಗೆ ಎಲ್ಲಾ ಕಡಿ ಹಬ್ಬಿತು, ಈಗಿನ ಹುಡುಗ್ಯಾರು ಇದೊಂದೇ ಕಲೀತಾರ. ಚಲೋ ಪದ್ಧತಿನೇ. ಕೈಯಾಗ ಯಾವಾಗ್ಲೂ ಎರಡೇ ಮೊನಿ, ಕಡ್ಡಿ ಉದುರಿ ಬೀಳೋ ಚಿಂತಿ ಇಲ್ಲ, ಏಣಿ ಬೀಳೋ ಜಾಗಾ ನಾಕರ ಬದ್ಲು ಎರಡೇ, 100 ಸೆಂಟಿಮೀಟರಿಂದು ಇದ್ರ ಎರಡೂ ಕಾಲುಚೀಲ ಒಂದೇ ಸಲ ಹೆಣಿಬಹುದು.

ಆದ್ರ ಅದರ ಜೀವ ಎಲ್ಲಾ ವೈರ್‌ದಾಗ ಅದ. ವೈರ್ ಬಿರುಸಿದ್ರ ಪ್ರತಿ ಸುತ್ತಿಗೂ ಅದರ ಕೂಡ ಕುಸ್ತಿ, ಸುರುಳಿ ಬಿಟ್ಟಲ್ಲಿ ಕುಣಿಕಿ ಹಿಗ್ಗಿ ದೊಡ್ಡ ದೊಡ್ಡ ತೂತು. ಅಂಗಡ್ಯಾಗ ಪ್ಯಾಕೆಟ್ ಬಿಚ್ಚಿ ನೋಡಾಕ ಕೊಟ್ರ ವೈರ್ ಎರಡು ಬೆರಳಾಗ ಮಡಿಚ್ರಿ, ಸುಮ್ನ ಮಡಚಿಕೊಂಡು ಕುಂತ್ರ ತಗೋರಿ, ಸ್ಪ್ರಿಂಗ್ ಇದ್ದಂಗ ಪಟ್ ಅಂತ ಬಿಚ್ಚಿಕೊಂಡ್ರ ಅಲ್ಲೇ ಇಟ್ಟು ಬರ್ರಿ. ಎರಡ್ನೇ ಪರೀಕ್ಷಾ, ಕಡ್ಡಿಗೆ ವೈರ್ ಕೂಡೋ ಜೋಡ್ ಅದಲ್ಲ, ಅದರ ಮ್ಯಾಲ ನಿಮ್ಮ ಸೀರಿ ಸೆರಗಿನ ಅಂಚು ಹಗೂರಕ ಎಳೀರಿ, ಎಲ್ಲೆರೆ ಸಿಕ್ತು ಅಂದ್ರ ಉಲನ್ನೂ ಸಿಗ್ತದ, ಪ್ರತಿ ಕುಣಿಕಿ ಅಲ್ಲಿ ತಡೀತದ. ನಾ ಒಂದ್ಸಲ ಜಾತ್ರ್ಯಾಗ ಅಗ್ಗ ಸಿಕ್ತು ಅಂತ ಒಂದು ವೈರಿನ ಕಡ್ಡಿ ತಂದಿದ್ದೆ, ರಾತ್ರಿ ಹತ್ತಕ್ಕ ಎಲ್ಲಾರೂ ಮಲ್ಕೊಂಡ ಮ್ಯಾಲ ಕುಂತು ಹೆಣಿಲತ್ತಿದ್ದೆ, ಜೋಡ್ ಬಿಟ್ಟು ವೈರ್ ಕಿತ್ತಿ ಬಂತು, ಎಂಬತ್ತು ಕುಣಿಕಿ ಬಾಯಿ ತೆರದು ನನ್ನ ಮಾರಿ ನೋಡ್ಲತ್ತಿದ್ದು. ಒಂದೊಂದು ಎತ್ತಿ ಹಾಕೋದ್ರಾಗ ಹನ್ನೆರಡೂವರಿ ಆತು.

ಹೊಸ ವೈರ್ ಸುರುಳಿ ಸುತ್ತಿ ಪ್ಯಾಕ್ ಮಾಡಿರ್ತಾರ, ಬಿಚ್ಚಿದ್ರೂ ಸುರುಳಿನೇ ಇರ್ತದ. ಬಿಸಿ ನೀರಾಗ, ಚಹಾಕ್ಕ ಇಟ್ಟ ನೀರಿನಷ್ಟು ಬಿಸಿ ಇರ್ಲಿ, ವೈರ್ ಅಷ್ಟೇ ಒಂದು ನಿಮಿಷ ಅದ್ದಿ ತಗದು ಸೀದಾ ಹಿಡಿದು ಆರಿಸ್ರಿ, ಮೆತ್ತಗ ಬರ್ತದ. ಬಿದಿರು ಮೊನಿ ಇದ್ರ ಅದು ನೀರಿಗೆ ಹೋಗದಂಗ ನೋಡ್ಕೋರಿ.

ಮೂರನೇದು ನಿಮಗ ಯಾರೂ ಹೇಳಿಲ್ಲ, ಆದ್ರ ನಿಮ್ಮ ಪರಿಸ್ಥಿತಿಗೆ ಅದೇ ಅಗ್ಗ. ನಿಮ್ಮ ಹತ್ರ 60 ಸೆಂಟಿಮೀಟರಿನ 10 ನಂಬರ್ ಒಂದು ಅದ, ಅಂಥಾದ್ದೇ ಇನ್ನೊಂದು ತಗೋರಿ. ಹದಿನಾರು ಕುಣಿಕಿ ಒಂದರ ಮ್ಯಾಲ, ಹದಿನಾರು ಇನ್ನೊಂದರ ಮ್ಯಾಲ, ಯಾವ ಕಡ್ಡಿ ಕುಣಿಕಿ ಹೆಣೀಲತ್ತೀರೋ ಅದೇ ಕಡ್ಡಿಯ ಇನ್ನೊಂದು ಮೊನಿಯಿಂದ ಹೆಣಿಬೇಕು, ಎರಡ್ನೇ ಕಡ್ಡಿ ಸುಮ್ನ ಜೋತಾಡ್ತಾ ಇರ್ಲಿ. ವೈರ್ ಬಿರುಸಿದ್ರೂ ನಡೀತದ, ಸುರುಳಿ ಬಿಡೋ ಕೆಲಸ ಇಲ್ಲಲ್ಲ. ತಪ್ಪೋದು ಒಂದೇ ಕಡಿ, ಮಾತಾಡ್ತಾ ಕುಂತಾಗ ಮರ್ತು ಆ ಕಡ್ಡಿ ಮೊನಿ ತಗೊಂಡು ಈ ಕಡ್ಡಿ ಕುಣಿಕಿ ಹೆಣದುಬಿಡ್ತೀವಿ, ಎಲ್ಲಾ 32 ಒಂದೇ ಕಡ್ಡಿಗೆ ಬಂದು ಕೂಡ್ತಾವ, ಇನ್ನೊಂದು ಕಡ್ಡಿ ಟಣ್ ಅಂತ ನೆಲಕ್ಕ. ಒಂದು ಕಡ್ಡಿ ವೈರಿಗೆ ಎರಡೂ ಕಡಿ ನೇಲ್ ಪಾಲಿಶ್ ಚುಕ್ಕಿ ಇಡ್ರಿ, ಚುಕ್ಕಿದಕ್ಕ ಚುಕ್ಕಿದು ಅಂತ ನೆನಪಿರ್ತದ.

ಈಗ ನಂಬರ್. ಇದ್ರಾಗ ಭಾಳ ಮಂದಿ ದಾರಿ ತಪ್ತಾರ, ಅದೂ ಮೊಬೈಲ್‌ದಾಗ ನೋಡಿ ಮಾಡೋರು. ನಮ್ಮ ಅಂಗಡಿ ನಂಬರ್ ಅಂದ್ರ ಹಳೀ ಇಂಗ್ಲೆಂಡಿನ ಲೆಕ್ಕ, ನಂಬರ್ ಹೆಚ್ಚಾದಂಗ ಕಡ್ಡಿ ಸಣ್ಣ ಆಗ್ತದ: 8 ನಂಬರ್ ಅಂದ್ರ 4 ಮಿಲಿಮೀಟರ್, 10 ಅಂದ್ರ 3.25, 11 ಅಂದ್ರ 3, 12 ಅಂದ್ರ 2.75, 13 ಅಂದ್ರ 2.25, 14 ಅಂದ್ರ 2. ಅಮೆರಿಕಾದವರದ್ದು ಉಲ್ಟಾ, ಅವರ 2 ನಂಬರ್ 2.75 ಮಿಲಿಮೀಟರ್, 6 ನಂಬರ್ 4 ಮಿಲಿಮೀಟರ್, ನಂಬರ್ ಏರಿದಂಗ ದಪ್ಪ. ಹಂಗಾಗಿ ವಿಡಿಯೋದಾಕಿ 8 ನಂಬರ್ ಅಂದ್ರ ಆಕಿ ಕೈಯಾಗಿರೋದು 5 ಮಿಲಿಮೀಟರ್, ನೀವು ಇಲ್ಲಿ 8 ಕೇಳಿದ್ರ ಸಿಗೋದು 4. ನಂಬರ್ ಬಿಟ್ಟು ಮಿಲಿಮೀಟರ್ ಕೇಳೋ ರೂಢಿ ಮಾಡ್ಕೋರಿ, ಪ್ಯಾಕೆಟ್ ಮ್ಯಾಲ ಅದು ಬರ್ದೇ ಇರ್ತದ. ಮನ್ಯಾಗ ಹಳೀ ಕಡ್ಡಿ ನಂಬರ್ ಅಳಸಿ ಹೋಗಿದ್ರ ಹಾರ್ಡ್‌ವೇರ್ ಅಂಗಡ್ಯಾಗ ಇಲ್ಲಾ ಬಡಗ್ಯಾನ ಹತ್ರ 3 ಮಿಲಿಮೀಟರ್ ಡ್ರಿಲ್‌ನಿಂದ ಒಂದು ಪ್ಲಾಸ್ಟಿಕ್ ಪಟ್ಟಿಗೆ ತೂತು ಹೊಡಿಸ್ಕೊಂಡು ಬರ್ರಿ, ಕಡ್ಡಿ ತೂರಿದ್ರ 3 ಮಿಲಿಮೀಟರ್ ಇಲ್ಲಾ ಅದಕ್ಕಿಂತ ಸಣ್ಣದು, ತೂರದಿದ್ರ ಅದಕ್ಕಿಂತ ದಪ್ಪ ಅಂತ ಗೊತ್ತಾಗ್ತದ.

ಕೂಸಿನ ಉಲನ್ 4 ಪ್ಲೈ, ಅಂದ್ರ ಸಣ್ಣನ ದಾರದ್ದು, ಅಂತಿಟ್ಕೋರಿ, 10 ನಂಬರ್ ಕಡ್ಡಿ ಮ್ಯಾಲ ಸಾಧಾರಣ ಕೈಗೆ 10 ಸೆಂಟಿಮೀಟರ್ ಅಗಲಕ್ಕ 28 ಕುಣಿಕಿ ಬರ್ತಾವ. ಅದೇ ಉಲನ್ 12 ನಂಬರ್ ಮ್ಯಾಲ ಹಾಕಿದ್ರ 31-32 ಬರ್ತಾವ. ಅಂದ್ರ ನೀವು ಹಾಕಿದ 32 ಕುಣಿಕಿ 10 ನಂಬರ್ ಮ್ಯಾಲ ಹನ್ನೊಂದೂವರಿ ಸೆಂಟಿಮೀಟರ್ ಆಗ್ತಿತ್ತು, ಹುಟ್ಟಿದ ಕೂಸಿಗೆ ಜರಾ ಸಡ್ಲ, ಒದ್ದು ಒದ್ದು ಉದುರಿಸಿಬಿಡ್ತದ. 12ರ ಮ್ಯಾಲ ಅದೇ 32 ಕುಣಿಕಿ 10 ಸೆಂಟಿಮೀಟರ್ ಬರ್ತದ, ಪಾದಕ್ಕ ಹಿಡಿದು ಕೂಡ್ತದ. ಕಾಲುಚೀಲ ಯಾವಾಗ್ಲೂ ಕಾಲಿಗಿಂತ ಒಂದೀಟು ಸಣ್ಣದೇ ಇರಬೇಕು, ಹತ್ತರಾಗ ಒಂದು ಪಾಲು. 10 ನಂಬರ್ ಮ್ಯಾಲೇ ಮಾಡ್ತೀನಿ ಅಂದ್ರ 28 ಕುಣಿಕಿ ಹಾಕ್ರಿ. ನಿಮ್ಮ ಕೈ ಬಿಗಿನೋ ಸಡ್ಲೋ ನಂಗ ಗೊತ್ತಿಲ್ಲ, ಮತ್ತ ಒಂದು ಮಾತು, ಗುಂಡಗ ಹೆಣಿಯೋವಾಗ ಉಲ್ಟಾ ಸಾಲೇ ಇರಂಗಿಲ್ಲ, ಎಲ್ಲಾ ಸೀದಾನೇ, ಹಂಗಾಗಿ ಅಗಲಕ್ಕ ಹೆಣದು ಅಳದ ಲೆಕ್ಕ ಇಲ್ಲಿ ಪೂರಾ ಕೂಡಂಗಿಲ್ಲ. ಬೇರೆ ಸ್ಯಾಂಪಲ್ ಬ್ಯಾಡ, ಮೂರು ಬೆರಳು ಹೆಣದು ಕಾಲುಚೀಲನೇ ಅಳದು ನೋಡ್ರಿ.

ಸ್ಟೀಲೋ ಬಿದಿರೋ? ಹೊಸದಾಗಿ ಐದು ಕಡ್ಡಿ ಹಿಡಿಯೋರಿಗೆ ಬಿದಿರು. ಕುಣಿಕಿಗಳನ್ನ ಅದು ಹಿಡ್ಕೊಂಡಿರ್ತದ, ಖಾಲಿ ಬಿಟ್ಟ ಕಡ್ಡಿ ಜಾರಿ ಬೀಳಂಗಿಲ್ಲ. ಸ್ಟೀಲ್ ಮ್ಯಾಲ ಕೈ ಓಡ್ತದ, ಆದ್ರ ಎಂಟೇ ಕುಣಿಕಿ ಇರೋ ಕಡ್ಡಿ ತನ್ನ ಭಾರಕ್ಕೇ ಸರ್ರಂತ ಇಳೀತದ, ಪರ್ಸಿ ಮ್ಯಾಲ ಬಿದ್ದು ಟಣ್ ಅಂದ್ರ ಮಲಗಿದ ಕೂಸು ಎದ್ದು ಅಳಾಕ ಶುರು, ಮಗಳ ಬೈಗುಳ ಬೇರೆ. ಅಲ್ಯುಮಿನಿಯಂ ಹಳೀದಾದ್ರ ಮ್ಯಾಲಿನ ಬಣ್ಣ ಹೋಗಿ ಬಿಳಿ ಉಲನ್‌ಗೆ ಬೂದಿ ಕಲೆ ಹತ್ತಸ್ತದ, ಕೈ ಬೆವತ್ರ ಇನ್ನೂ ಜಾಸ್ತಿ, ನಮ್ಮ ಕಲಬುರಗಿ ಬ್ಯಾಸಗ್ಯಾಗ ಕೈ ಬೆವರದೇ ಇರೋದು ಯಾವಾಗ ಹೇಳ್ರಿ. ಬಿದಿರಿಂದು ಒಂದೇ ಕೊರತಿ, 13-14 ನಂಬರಿನ ಸಣ್ಣ ಕಡ್ಡಿ ಮುರೀತಾವ, ಸೋಫಾ ಮ್ಯಾಲ ಬಿಟ್ಟು ಎದ್ರಿ ಅಂದ್ರ ಮನ್ಯಾಗ ಯಾರೆರೆ ಅದರ ಮ್ಯಾಲೇ ಕೂಡೋರು. 12 ನಂಬರ್ ಆದ್ರ ತಡೀತದ. ಹೊಸ ಬಿದಿರು ಒರಟಿದ್ರ ಮೇಣದ ಬತ್ತಿ ಹಗೂರಕ ತಿಕ್ಕಿ ಅರಿವಿಯಿಂದ ಒರಸ್ರಿ. ತಲ್ಯಾಗ ಗೀರಿ ಎಣ್ಣಿ ಹಚ್ಚೋ ರೂಢಿ ನಮ್ಮೋರದ್ದು, ನಂದೂ ಇತ್ತು, ಬಿಳಿ ಉಲನ್ ಇದ್ದಾಗ ಅದನ್ನ ಮಾಡಬ್ಯಾಡ್ರಿ. ಪೋನಿ, ನಿಟ್‌ಪ್ರೋ ಅನ್ನೋ ಕಂಪನಿ ಕಡ್ಡಿ ಎರಡೂ ನಮ್ಮ ದೇಶದಾಗೇ ತಯಾರಾಗ್ತಾವ, ಊರಾಗ ಸಿಗದಿದ್ರ ಮಗಳಿಗೆ ಹೇಳಿ ತರಿಸ್ಕೋರಿ, ಪೆಟ್ಟಿಗಿ ಮ್ಯಾಲ ಎರಡು ಮೊನಿ, ಐದರ ಸೆಟ್, 2.75 ಮಿಲಿಮೀಟರ್, 15 ಸೆಂಟಿಮೀಟರ್ ಇಷ್ಟು ನೋಡ್ಕೊಳ್ಳಾಕ ಹೇಳ್ರಿ.

ಐದರ ಸೆಟ್ಟಿನ ಇನ್ನೊಂದು ಲಾಭ ನಂಗ ಬಸ್ಸಿನ್ಯಾಗ ಗೊತ್ತಾತು. ಕಲಬುರಗಿಯಿಂದ ನಿಮ್ಮ ಬೀದರಕ್ಕೇ ಹೊಂಟಿದ್ದೆ, ಹುಮನಾಬಾದ ದಾಟಿದ ಮ್ಯಾಲ ಒಂದು ಕಡ್ಡಿ ಜಾರಿ ಸೀಟಿನ ಕೆಳಗ ಹೋತು, ಹಿಂದಿನ ಸೀಟಿನವರೆಲ್ಲಾ ಕಾಲು ಎತ್ತಿ ಹುಡುಕಿದ್ರೂ ಸಿಗಲಿಲ್ಲ. ಉಳಿದ ನಾಕರ ಮ್ಯಾಲ ಮೂರು ಪಾಲು ಮಾಡ್ಕೊಂಡು ಬೀದರ ಬರೋದ್ರಾಗ ಹಿಮ್ಮಡಿ ತಿರುಗಿಸಿದ್ದೆ. ನಾಕರ ಸೆಟ್ ಇದ್ದಿದ್ರ ಕೈ ಕಟ್ಟಿ ಕೂಡೋದಿತ್ತು.

ಹಂಗಾದ್ರ ನಾ ನಿಮ್ಮ ಜಾಗಾದಾಗ ಇದ್ರ ಏನು ತಗೋತಿದ್ದೆ? 12 ನಂಬರ್ ಬಿದಿರು ಐದರ ಸೆಟ್, ಅಷ್ಟೇ. ಅದರ ಮ್ಯಾಲ ಕಾಲುಚೀಲ, ಕೈಗವಸು, ಆಮ್ಯಾಲ ಸ್ವೆಟರಿನ ತೋಳು ಎಲ್ಲಾ ಆಗ್ತಾವ. ಇರೋ 60 ಸೆಂಟಿಮೀಟರಿಂದ್ರ ಮ್ಯಾಲ ಕಟ್ಟೋ ಕುಲಾಯಿ ಅಗಲಕ್ಕ ಹಾಕ್ತಿದ್ದೆ. ಐದು ಕಡ್ಡಿ ನೋಡಿದ್ರೇ ಎದಿ ಡವಡವ ಅಂತದ ಅಂದ್ರ 10 ನಂಬರ್ ವೈರಿಂದು ಇನ್ನೊಂದು ತಂದು 28 ಕುಣಿಕಿಯಿಂದ ಶುರು ಮಾಡ್ರಿ. ಉದ್ದನ ವೈರಿಂದು ಮಗಳಿಗೆ ಕಲೀಬೇಕಂದ್ರ ಆಕಿ ತಗೋಲಿ, ಬಾಣಂತನದಾಗ ಕುಂತು ಬ್ಯಾಸರ ಆದಾಗ ಹೆಣಿಲಿ, ಅಲ್ಲ, ಬಾಣಂತಿಗೆ ಕಣ್ಣಿಗೆ ತ್ರಾಸ ಕೊಡಬಾರ್ದು ಅಂತ ನೀವೇ ಬೈತೀರಿ, ಅದು ನಿಮ್ಮ ನಿಮ್ಮ ಮನೀ ವಿಷಯ.

ಉಲನ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಹೇಳಿಬಿಡ್ತೀನಿ. ಬೀದರ ಎತ್ತರದ ಮ್ಯಾಲ ಅದ, ಸಂಕ್ರಾಂತಿಗೆ ನಮಗಿಂತ ನಿಮಗ ಥಂಡಿ ಹೆಚ್ಚು, ಕೂಸಿಗೆ ಬಿಸಿ ಬೇಕೇ ಬೇಕು. ಆದ್ರ ಕೂಸಿಗೆ ಎರದು ಕೆಂಡದ ಮುಂದ ಕಾಸೋದು, ಲೋಬಾನ ಹಾಕೋದು ಇರ್ತದಲ್ಲ, ಅಗ್ಗದ ಅಕ್ರಿಲಿಕ್ ದಾರಕ್ಕ ಬೆಂಕಿ ಹತ್ತಿದ್ರ ಬರೇ ಸುಡಂಗಿಲ್ಲ, ಕರಗಿ ಮೈಗೂ ಅಂಟ್ತದ. ಆ ಹೊತ್ತಿಗೆ ಕಾಲುಚೀಲ ತಗದೇ ಇಡ್ರಿ, ಹತ್ತಿ ದಾರದಿಂದ ಹಾಕಿದ್ರೂ ಅಷ್ಟೇ, ಅದಕ್ಕೂ ಬೆಂಕಿ ಹತ್ತತದ. ಹತ್ತಿ ದಾರಕ್ಕ ಹಿಗ್ಗೋ ಗುಣ ಕಮ್ಮಿ, ಎರಡು ನಾಕು ಕುಣಿಕಿ ಹೆಚ್ಚಿಗಿ ಬೇಕು, ಅದಕ್ಕಂತೂ ಬಿದಿರು ಕಡ್ಡಿನೇ ಚೊಲೋ. ಮತ್ತ ಒಳಗಿನ ದಾರದ ಬಾಲ ಉದ್ದ ಬಿಡಬ್ಯಾಡ್ರಿ, ಕೂಸಿನ ಬೆರಳಿಗೆ ಸುತ್ತಿಕೊಂಡ್ರ ಮ್ಯಾಲ ಕಾಣಂಗಿಲ್ಲ, ರಕ್ತ ನಿಂತು ಬಾವು ಬರ್ತದ. ಹಾಕೋಕಿಂತ ಮೊದ್ಲು ಒಳಗ ಹೊರಗ ಮಾಡಿ ಬೆರಳು ಆಡಿಸಿ ನೋಡ್ರಿ.

ಒಂದು ಕಾಲುಚೀಲ ಯಾವ ಕಡ್ಡಿ ಮ್ಯಾಲ ಮುಗಿಸ್ತೀರೋ ಎರಡ್ನೇದೂ ಅದೇ ಕಡ್ಡಿ ಮ್ಯಾಲ ಹಾಕ್ರಿ. ನಂಬರ್ ಒಂದೇ ಇದ್ರೂ ಬಿದಿರಿನ ಮ್ಯಾಲ ಹೆಣದದ್ದು, ಸ್ಟೀಲಿನ ಮ್ಯಾಲ ಹೆಣದದ್ದು ಒಂದೇ ಅಳತಿ ಬರಂಗಿಲ್ಲ, ಜಾರೋ ಕಡ್ಡಿ ಮ್ಯಾಲ ಕೈ ತಾನೇ ಬದಲಾಗ್ತದ. ನಮ್ಮ ಮನ್ಯಾಗ ಹಂಗ ಜೋಡಿ ತಪ್ಪಿದ ಒಂಟಿ ಕಾಲುಚೀಲ ನಾಕೈದು ಅವ, ಒಂದ್ರಾಗ ಚಷ್ಮಾ ಇಟ್ಕೊಂಡೀನಿ.